ಸೀರೆಯ ಮೇಲಿನ ಹೂವನ್ನು ಬರೆದವರಾರು?

ಜವಳಿ ಅಂಗಡಿಯಲ್ಲಿ ಅಚ್ಚಿನ ಸೀರೆಗಳನ್ನು ಹರಡಿದಾಗ ನಮ್ಮ ಗೃಹಿಣಿಯರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು: ಬೆಲೆಯೆಷ್ಟು? ಬಣ್ಣ ಬಿಡುವುದೇ? ಇಂಥದೇ ಸೀರೆ ನೆರೆಮನೆಯವರ ಬಳಿ ಇಲ್ಲವಷ್ಟೇ? ಈ ಹೂವನ್ನು ಬರೆದವರಾರು ಎಂಬ ನಾಲ್ಕನೆಯ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಆದರೆ ಹೂವು ತಾನಾಗಿ ಬಟ್ಟೆಯ ಮೇಲೆ ಅರಳುವುದುಂಟೆ? ಯಾರೋ ಅದನ್ನು ಗಿಡದಲ್ಲಿ ಕಂಡು, ಕಾಗದದಲ್ಲಿ ಬರೆದು, ಮರದಲ್ಲಿ ಕೊರೆದು, ಬಣ್ಣದಲ್ಲಿ ಅದ್ದಿ ಒತ್ತಿರಬೇಕು. ಉಡುವ ಬಟ್ಟೆಯ ವಿನ್ಯಾಸ ತನ್ನದೇ ಆಗಿರಬೇಕೆಂದು ಹಂಬಲಿಸುವ ತರುಣಿಯರು ಇಂದು ಅನೇಕ ಮನೆಗಳಲ್ಲಿದ್ದಾರೆ. ಅವರಿಗಾಗಿ, ಅವರ ತಾಯಂದಿರಿಗಾಗಿ, ಈ ವಾರ ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ನಡೆದು ನೋಡೋಣ.

ಸ್ಫೂರ್ತಿಯೆಂದರೆ ಆಕಾಶದಿಂದಿಳಿಯುವ ವರವೆಂದು ಭಾವಿಸಬೇಕಾಗಿಲ್ಲ. ಬೆಳಗಿನಲ್ಲಿ ಅಂಗಳಕ್ಕೆ ಉದುರಿದ ಪಾರಿಜಾತವೇ ಸಾಕು. ಅದನ್ನು ಕಂಡಂತೆಯೇ ಬರೆದರೆ ಸಸ್ಯಶಾಸ್ತ್ರದ ಪುಸ್ತಕಕ್ಕೆ ಯೋಗ್ಯವಾದ ಚಿತ್ರವಾದೀತು, ಬಟ್ಟೆಗೆ ಒಪ್ಪುವ ವಿನ್ಯಾಸವಾಗದು. ಆದುದರಿಂದ ಅದನ್ನೇ ಇಪ್ಪತ್ತು ಸಲ ಬರೆಯಿರಿ; ಪ್ರತಿ ಸಲವೂ ಒಂದು ಗೆರೆಯನ್ನು ಬಿಡುತ್ತ ಬನ್ನಿ. ಇನ್ನೊಂದು ಗೆರೆ ಬಿಟ್ಟರೆ ಪಾರಿಜಾತವೆಂದು ಗುರುತು ಸಿಕ್ಕದು ಎನ್ನುವಲ್ಲಿ ನಿಲ್ಲಿಸಿ. ಬಿಳಿಯ ದಳಗಳ ತಿರುವು, ಕೇಸರಿಯ ತೊಟ್ಟು ಇವೆರಡೇ ಉಳಿದರೂ ನಷ್ಟವಿಲ್ಲ. ಹೀಗೆ ಉಳಿದುದು ನಿಮ್ಮ ಕಣ್ಣು ಆರಿಸಿಕೊಂಡದ್ದು. ಇನ್ನೊಬ್ಬರ ಕಣ್ಣು ಬೇರೆಯದನ್ನು ಆರಿಸುತ್ತಿತ್ತು.

ಮುಂದಿನ ಮಾತನ್ನು ಬಟ್ಟೆಯೂ ಉಪಕರಣವೂ ಹೇಳುತ್ತವೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ನವಿಲುಗಳು ಮೆಟ್ಟಿಲು ಮೆಟ್ಟಿಲಾಗಿ ಮೂಡುವುದೇಕೆ? ಅಲ್ಲಿ ನಕ್ಷೆ ಬರೆದುಕೊಳ್ಳುವ ವಾಡಿಕೆಯಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ಹೊಲಿಗೆಗಳನ್ನು ಹಾಕುತ್ತಾರೆ. ಅದೇ ನವಿಲನ್ನು ಕಾಳಹಸ್ತಿಯ ಕಲಂಕಾರಿಯವರು ಬಿದಿರಿನ ಲೇಖನಿಯಿಂದ ಬರೆದರೆ ಗೆರೆ ಬಳ್ಳಿಯಂತೆ ಹರಿಯುತ್ತದೆ. ಮಚಲಿಪಟ್ಟಣದವರು ಮರದ ಅಚ್ಚಿನಲ್ಲಿ ಒತ್ತಿದರೆ ಉಳಿಯ ಕಡಿತಕ್ಕೆ ತಕ್ಕ ತುಂಬಿದ ರೂಪ ಬರುತ್ತದೆ. ಯಾವ ಕೈಗೆ ಯಾವ ಕೆಲಸ ಎಂಬುದನ್ನು ನಿಶ್ಚಯಿಸದೆ ಬರೆದ ಚಿತ್ರ ಕಾಗದದಲ್ಲಿಯೇ ಉಳಿಯುವುದು.

ಇನ್ನು ಆವರ್ತನೆಯ ವಿಷಯ. ಒಂದು ಹೂವು ಚೆಲುವಾಗಿದ್ದರೂ ನೂರು ಹೂಗಳು ಒಟ್ಟಿಗೆ ನಿಂತಾಗ ನಡುವೆ ಬೇಡದ ಓಣಿಗಳು ಕಾಣಿಸಿಕೊಳ್ಳಬಹುದು. ಇದಕ್ಕೊಂದು ಸುಲಭ ಉಪಾಯವುಂಟು. ಚೌಕ ಕಾಗದದ ನಡುವೆ, ಅಂಚಿಗೆ ತಾಗದಂತೆ ಚಿತ್ರ ಬರೆಯಿರಿ. ಕಾಗದವನ್ನು ನಡುವೆ ಉದ್ದಕ್ಕೆ ಕತ್ತರಿಸಿ ಎಡಭಾಗವನ್ನು ಬಲಕ್ಕೂ ಬಲಭಾಗವನ್ನು ಎಡಕ್ಕೂ ಇಟ್ಟು ಅಂಟಿಸಿ. ಬಳಿಕ ಅಡ್ಡಕ್ಕೆ ಕತ್ತರಿಸಿ ಮೇಲಿನದನ್ನು ಕೆಳಗೂ ಕೆಳಗಿನದನ್ನು ಮೇಲೂ ಇಡಿ. ಮೊದಲು ಅಂಚಾಗಿದ್ದುದು ಈಗ ನಡುವಿಗೆ ಬಂದು ಖಾಲಿ ಜಾಗ ಎದ್ದು ತೋರುತ್ತದೆ. ಅಲ್ಲಿ ಎಲೆಯನ್ನೋ ಮೊಗ್ಗನ್ನೋ ತುಂಬಿರಿ. ಈ ಚೌಕವನ್ನು ಎಷ್ಟು ಸಲ ಜೋಡಿಸಿದರೂ ಬೆಸುಗೆ ಕಾಣದು.

ಅಚ್ಚಿನ ಕೆಲಸದಲ್ಲಿ ಬಣ್ಣಕ್ಕೊಂದು ಅಚ್ಚು ಬೇಕು: ಹೊರಗೆರೆಗೆ ಒಂದು, ಒಳಗೆ ತುಂಬುವ ಬಣ್ಣಗಳಿಗೆ ಬೇರೆ ಬೇರೆ. ಲೆಕ್ಕ ಹಾಕಿ ನೋಡಿ. ಹತ್ತು ಸೆಂಟಿಮೀಟರಿನ ಚೌಕ ಅಚ್ಚಿನಿಂದ ಐದೂವರೆ ಮೀಟರು ಉದ್ದ, 115 ಸೆಂಟಿಮೀಟರು ಅಗಲದ ಸೀರೆಯನ್ನು ತುಂಬಲು ಸುಮಾರು 630 ಸಲ ಒತ್ತಬೇಕು. ಮೂರು ಬಣ್ಣಗಳೆಂದರೆ 1,900ರ ಆಸುಪಾಸು. ಪ್ರತಿಯೊಂದೂ ಹಿಂದಿನದರ ಪಕ್ಕದಲ್ಲಿಯೇ ಬೀಳಬೇಕು. ಅಚ್ಚುಗಳು ಸೇರುವಲ್ಲಿ ಕೂದಲೆಳೆಯ ವ್ಯತ್ಯಾಸ ಕಂಡರೆ ಮುಖ ಸಿಂಡರಿಸಬೇಡಿ. ಅದು ಕೈಯ ಗುರುತು. ಯಂತ್ರ ಅಚ್ಚಿಸಿದ ನಕಲು ಕಡಿಮೆ ಬೆಲೆಗೆ ಸಿಕ್ಕಾಗ ಈ 1,900 ಏಟುಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಬಣ್ಣದ ಕಥೆ ಇನ್ನೂ ಸ್ವಾರಸ್ಯವಾದದ್ದು. ಕಲಂಕಾರಿಯ ಹಳೆಯ ಕ್ರಮದಲ್ಲಿ ಬಟ್ಟೆಯನ್ನು ಒಗೆದು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದಿ ಒಣಗಿಸುತ್ತಾರೆ. ಹಾಲಿನ ಜಿಡ್ಡು ಬಣ್ಣ ಹರಡದಂತೆ ತಡೆಯುತ್ತದೆ. ಕಬ್ಬಿಣದ ಚೂರು, ಬೆಲ್ಲ, ನೀರು ಸೇರಿಸಿ ಹುಳಿಸಿದ ದ್ರವ ಅಳಲೆಯ ಒಗರನ್ನು ಮುಟ್ಟಿದಲ್ಲಿ ಕಪ್ಪು ಮೂಡುತ್ತದೆ. ಕೆಂಪು ಬೇಕಾದಲ್ಲಿ ಒತ್ತುವುದು ಕೆಂಪನ್ನಲ್ಲ, ಪಟಿಕದ ನೀರನ್ನು. ಆಗ ಅದು ಕಣ್ಣಿಗೆ ಕಾಣುವುದೂ ಕಷ್ಟ. ಬಳಿಕ ಮಂಜಿಷ್ಠದಂಥ ಬೇರಿನ ಬಣ್ಣದಲ್ಲಿ ಕುದಿಸಿದಾಗ ಪಟಿಕ ತಾಗಿದ ಜಾಗ ಮಾತ್ರ ಕೆಂಪನ್ನು ಹಿಡಿದುಕೊಳ್ಳುತ್ತದೆ. ಒತ್ತುವವನು ಇನ್ನೂ ಹುಟ್ಟದ ಬಣ್ಣವನ್ನು ಮನಸ್ಸಿನಲ್ಲಿಯೇ ಕಂಡು ಕೆಲಸ ಮಾಡಬೇಕು.

ಉಡುಪಿನ ಯೋಚನೆ ಅಚ್ಚಿಗಿಂತ ಮೊದಲೇ ಆಗಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಸೀರೆಯ ಒಡಲಿನ ಬಹುಭಾಗ ನಿರಿಗೆಯಲ್ಲಿ ಅಡಗುತ್ತದೆ. ಆದ್ದರಿಂದ ಅಲ್ಲಿ ಸಣ್ಣ ಹೂ, ಸೆರಗಿಗೆ ವಿಸ್ತಾರದ ಕೆಲಸ. ರವಿಕೆಯಲ್ಲಿ ಟಕ್ಸು ಹಿಡಿದೆಡೆ ದೊಡ್ಡ ಹೂ ಮುರಿದು ಕಾಣುತ್ತದೆ. ಒಂದೇ ದಿಕ್ಕಿಗೆ ಮುಖ ಮಾಡಿದ ಹಕ್ಕಿಗಳಿದ್ದರೆ ತುಂಡುಗಳನ್ನೆಲ್ಲ ಒಂದೇ ದಿಕ್ಕಿನಲ್ಲಿ ಕತ್ತರಿಸಬೇಕಾಗಿ ಬಟ್ಟೆ ಹೆಚ್ಚು ಬೇಕಾದೀತು. ಇಲ್ಲವಾದರೆ ಬೆನ್ನಿನ ಮೇಲೆ ಹಕ್ಕಿ ತಲೆಕೆಳಗಾದೀತು! ಮೊದಲು ಹಳೆಯ ಪಂಚೆಯಲ್ಲಿ ಅಳತೆಯ ಮಾದರಿಯನ್ನು ಹೊಲಿದು ತೊಟ್ಟು ನೋಡಿ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವುದು ಆಮೇಲೆ.

ಹಾಗಾದರೆ ಸ್ವಂತದ್ದು ಎಂದರೇನು? ಕೋರಮಂಡಲ ತೀರದ ಬಣ್ಣದ ಬಟ್ಟೆಗಳಿಗೆ ಯೂರೋಪು ಎಷ್ಟು ಮರುಳಾಗಿತ್ತೆಂದರೆ, ತನ್ನ ನೇಕಾರರನ್ನು ಉಳಿಸಿಕೊಳ್ಳಲು ಫ್ರಾನ್ಸ್ ದೇಶವು 1686ರಲ್ಲಿ ಅವುಗಳನ್ನು ನಿಷೇಧಿಸಿ, 1759ರವರೆಗೂ ಆ ನಿಷೇಧವನ್ನು ತೆಗೆಯಲಿಲ್ಲ. ಅಲ್ಲಿನ ವರ್ತಕರು ಮಾದರಿಗಳನ್ನು ಕಳುಹಿಸುತ್ತಿದ್ದರು; ನಮ್ಮವರು ತಾವು ಕಂಡ ಎಲೆಬಳ್ಳಿಗಳನ್ನು ಅದರಲ್ಲಿ ಬೆರೆಸಿ ಎರಡು ದೇಶಗಳಲ್ಲಿಯೂ ಬೆಳೆಯದ ಹೂಗಳನ್ನು ಅರಳಿಸಿದರು. ಹಿಂದಿನವರಿಂದ ಕಲಿಯುವುದು ತಪ್ಪಲ್ಲ. ಏನನ್ನೂ ಸೇರಿಸದೆ ಎತ್ತಿಕೊಂಡು ತನ್ನದೆನ್ನುವುದು ತಪ್ಪು. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ, ಇಂಥ ಕಸುಬುಗಳಿಗೆ ಮರುಜೀವ ಬರಲೆಂದು ಶ್ರಮಿಸಿದರು. ಕಸುಬು ಉಳಿಯಬೇಕಾದರೆ ಕಸುಬಿನವನ ಒಲೆ ಉರಿಯಬೇಕೆಂಬುದನ್ನು ಅವರು ಬಲ್ಲವರಾಗಿದ್ದರು.

ಆದುದರಿಂದ, ಮಗಳು ಚಿತ್ರದ ಪುಸ್ತಕ ಹಿಡಿದು ಗಿಡದ ಬುಡದಲ್ಲಿ ಕುಳಿತರೆ ಕಾಲಹರಣವೆಂದು ಗದರಿಸಬೇಡಿ. ಅವಳ ಚಿತ್ರವನ್ನು ಅಚ್ಚು ಕೊರೆಯುವವರಲ್ಲಿಗೆ ಒಯ್ದಾಗ, ಕೂಲಿಯಲ್ಲಿ ಚೌಕಾಸಿ ಮಾಡುವ ಬದಲು, ಈ ಗೆರೆ ಮರದಲ್ಲಿ ನಿಂತೀತೇ ಎಂದು ಕೇಳುವುದನ್ನು ಅವಳಿಗೆ ಕಲಿಸಿ. ಮೊದಲ ಪ್ರಯತ್ನಕ್ಕೆ ಸೀರೆ ಬೇಡ. ಒಂದು ಕರವಸ್ತ್ರ, ಇಲ್ಲವೇ ದಿಂಬಿನ ಚೀಲ ಸಾಕು. ಅದರ ಮೂಲೆಯಲ್ಲಿ ಬರೆದವರ ಹೆಸರನ್ನೂ ಒತ್ತಿದವರ ಹೆಸರನ್ನೂ ಸಣ್ಣ ಅಕ್ಷರಗಳಲ್ಲಿ ಹೊಲಿಯಿರಿ. ಮನೆಗೆ ಬಂದವರು ಓದಲಿ.