ಒಣಗಿದ ಬ್ರಶ್‌ಗೂ ಒಂದು ಹೂಮಳೆ ಬೇಕು

ಕಾಫಿ ಗಿಡದ ಒಂದು ಗುಣ ನಮ್ಮ ಮಲೆನಾಡಿನ ತೋಟಗಳಲ್ಲಿ ದುಡಿಯುವ ಎಲ್ಲರಿಗೂ ಗೊತ್ತು. ಜನವರಿ, ಫೆಬ್ರವರಿಯ ಬಿಸಿಲಿಗೆ ಮೊಗ್ಗು ಮಿಸುಕಾಡದೆ ಕೂತಿರುತ್ತದೆ. ಗೊತ್ತಿಲ್ಲದವರು ನೋಡಿದರೆ ಗಿಡ ಸತ್ತೇ ಹೋಯಿತು ಅಂದುಕೊಳ್ಳಬೇಕು. ಆದರೆ ಆ ಒಣ ದಿನಗಳು ಇಲ್ಲದಿದ್ದರೆ ಹೂವು ಸರಿಯಾಗಿ ಬರುವುದೇ ಇಲ್ಲ. ಆಮೇಲೆ ಒಂದು ಹೂಮಳೆ ಬಿದ್ದರೆ ಸಾಕು, ಎಂಟು-ಹತ್ತು ದಿನದಲ್ಲಿ ಮೂಡಿಗೆರೆಯಿಂದ ಕಳಸದವರೆಗೆ ತೋಟವೆಲ್ಲ ಬೆಳ್ಳಗೆ.

ಮನುಷ್ಯರ ಕೈಯ ಕಥೆಯೂ ಹೀಗೇ ಎಂದು ನಮಗೆ ಈಚೆಗೆ ಅನಿಸಿತು. ಹದಿನೆಂಟು ವರ್ಷದ ಮೇಲೆ ನಾವು ಮತ್ತೆ ಬ್ರಶ್ ಹಿಡಿದಿದ್ದೇವೆ.

ನಾವು ಹುಡುಗರಾಗಿದ್ದಾಗ ಮೀಲಾದ್ ಬಂತೆಂದರೆ ರಾತ್ರಿಯಿಡೀ ಬಟ್ಟೆಯ ಬ್ಯಾನರ್ ಬರೆಯುತ್ತಿದ್ದೆವು. ಹಸಿರು ಅಕ್ಷರ, ಅಂಚಿಗೆ ಬಳ್ಳಿ, ಮೂಲೆಗೆ ಮಿನಾರ. ಆಮೇಲೆ ಫ್ಲೆಕ್ಸ್ ಬಂತು. ಒಂದು ಫೋನ್ ಮಾಡಿದರೆ ಸಂಜೆಗೆ ಬ್ಯಾನರ್ ರೆಡಿ. ನಮ್ಮನ್ನು ಯಾರೂ ಬೇಡ ಅನ್ನಲಿಲ್ಲ, ಯಾರೂ ಕರೆಯಲೂ ಇಲ್ಲ. ಬ್ರಶ್ ಪೇಂಟ್ ಡಬ್ಬಿಯಲ್ಲೇ ಒಣಗಿ ಕಲ್ಲಾಯಿತು. 2016ರಲ್ಲಿ ಸರಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಫ್ಲೆಕ್ಸನ್ನೂ ಸೇರಿಸಿತು. ಆದರೂ ಅದು ಬೀದಿಯಿಂದ ಹೋಗಲಿಲ್ಲ, ನಮ್ಮ ಬ್ರಶ್ಶೂ ಅಟ್ಟದಿಂದ ಇಳಿಯಲಿಲ್ಲ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಬಹಳ ವರ್ಷದ ಹಿಂದೆ ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಪಾಠದ ನಡುವೆ ನೋಟ್‌ಬುಕ್ಕಿನ ಹಿಂದೆ ಏನೋ ಗೀಚುತ್ತಿದ್ದ. ನಾವು ಆ ಹಾಳೆಯನ್ನು ಹರಿದು ಹಾಕಿದೆವು, ಎರಡು ಮಾತು ಜೋರಾಗಿಯೇ ಬೈದೆವು. ಸಂಜೆ ಕಸ ಗುಡಿಸುವಾಗ ತುಂಡುಗಳನ್ನು ನೋಡಿದರೆ ಅದು ಹೂ ಬಿಟ್ಟ ಕಾಫಿ ರೆಕ್ಕೆ. ಎಲೆಯ ನರ ಕೂಡ ಬಿಡದೆ ಬರೆದಿದ್ದ.

ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳ ಎಚ್ಚರಿಕೆ ನಮಗೆ ಗೊತ್ತಿದೆ. ಅದನ್ನು ಸಡಿಲ ಮಾಡಲು ನಾವು ಯಾರೂ ಅಲ್ಲ. ಆದರೆ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಬಂದು ಕೇಳಿದಾಗ, ಬರೆಯಲೇಬೇಕಿದ್ದರೆ ಮರಗಳನ್ನು, ಜೀವವಿಲ್ಲದ ವಸ್ತುಗಳನ್ನು ಬರೆ ಎಂದು ಇಬ್ನ್ ಅಬ್ಬಾಸ್ (ರ) ದಾರಿ ತೋರಿಸಿದ್ದು ಬುಖಾರಿಯಲ್ಲೇ ಇದೆ. ಅವರು ದಾರಿ ತೋರಿಸಿದ ಕಡೆ ನಾವು ಬಾಗಿಲು ಹಾಕಿದ್ದೆವು. ನೋಡಿ ಹರಿಯಲಿಲ್ಲ, ಹರಿದು ನೋಡಿದೆವು.

ಕಳೆದ ವರ್ಷ ಪೇಟೆಯಲ್ಲಿ ಅವನೇ ಸಿಕ್ಕಿದ. ಈಗ ಪಿಕಪ್ ಓಡಿಸುತ್ತಾನೆ. "ಚಿತ್ರ ಬರೀತೀಯಾ ಮೋನೆ?" ಎಂದು ಕೇಳಿದೆವು. ನಕ್ಕ. "ಎಲ್ಲಿ ಉಸ್ತಾದ್, ಅವತ್ತೇ ಬಿಟ್ಟೆ" ಅಂದ. ಅವನ ಮಾತಲ್ಲಿ ಸಿಟ್ಟಿರಲಿಲ್ಲ. ಅದೇ ನಮ್ಮನ್ನು ನಿದ್ದೆ ಮಾಡಲು ಬಿಡಲಿಲ್ಲ.

ಆ ವಾರವೇ ಬಿದಿರಿನ ಕಡ್ಡಿ ಕೆತ್ತಿ, ಇಶಾ ಆದ ಮೇಲೆ ಬರೆಯಲು ಕೂತೆವು. ಅಲಿಫ್ ಸಹ ನೆಟ್ಟಗೆ ಬರಲಿಲ್ಲ. ಬಗ್ದಾದಿನ ಇಬ್ನ್ ಮುಖ್ಲಾ (886–940) ನೆನಪಾದರು. ಮೂವರು ಖಲೀಫರಿಗೆ ವಝೀರರಾಗಿದ್ದವರು. ಕಲಮಿನ ಚುಕ್ಕಿಯಿಂದ ಅಕ್ಷರಗಳನ್ನು ಅಳೆಯುವ ಕ್ರಮ ಅವರ ಹೆಸರಿನಲ್ಲೇ ಇದೆ. ರಾಜಕೀಯದ ದ್ವೇಷಕ್ಕೆ ಅವರ ಬಲಗೈಯನ್ನೇ ಕಡಿದರು. ಮೊಂಡು ಕೈಗೆ ಕಲಮ್ ಕಟ್ಟಿಕೊಂಡು ಬರೆದರು ಎಂದು ಚರಿತ್ರೆಕಾರರು ಹೇಳುತ್ತಾರೆ. ಎರಡೂ ಕೈ ಇರುವ ನಮಗೆ ಏನು ನೆಪ?

ದೂರ ಯಾಕೆ, ಮೂಡಿಗೆರೆಯಲ್ಲೇ ಇದ್ದ ತೇಜಸ್ವಿಯವರನ್ನು ನೋಡಿ. ಬರೆಯುವ ಕೈಯಲ್ಲೇ ಕ್ಯಾಮರಾ ಹಿಡಿದರು, ಕುಂಚ ಹಿಡಿದರು, ಗಾಳವನ್ನೂ ಹಿಡಿದರು. ಒಂದರಲ್ಲಿ ಬೇಸರ ಬಂದರೆ ಇನ್ನೊಂದರಲ್ಲಿ ಕೈ ಜೀವಂತ ಇರುತ್ತದೆ.

ನಮ್ಮ ಸಮುದಾಯದಲ್ಲಿ ಹೀಗೆ ಅರ್ಧಕ್ಕೆ ನಿಂತ ಕೈಗಳು ಎಷ್ಟೋ ಇವೆ. ಗಲ್ಫಿಗೆ ಹೋಗಿ ಹಾಡು ಬಿಟ್ಟವರು, ಮದುವೆಯಾಗಿ ಕಸೂತಿ ಬಿಟ್ಟವರು, ಅಂಗಡಿಯಲ್ಲಿ ಕೂತು ಕವನ ಬಿಟ್ಟವರು. ಹೊಟ್ಟೆಪಾಡು ದೊಡ್ಡದು, ಒಪ್ಪುತ್ತೇವೆ. ಆದರೆ ಬಿಟ್ಟದ್ದು ಸತ್ತಿತು ಎಂದು ನಾವೇ ತೀರ್ಮಾನ ಮಾಡುವುದು ಬೇಡ. ಮೊದಲ ತಿಂಗಳು ಕೆಟ್ಟದಾಗಿಯೇ ಬರುತ್ತದೆ. ನಾಚಿಕೆಪಡದೆ ಕೂರಬೇಕು, ಅಷ್ಟೆ.

ಜಮಾಅತಿನವರಲ್ಲಿ ನಮ್ಮದೊಂದು ವಿನಂತಿ. ಮುಂದಿನ ಮೀಲಾದಿಗೆ ಒಂದಾದರೂ ಬ್ಯಾನರನ್ನು ಬಟ್ಟೆಯ ಮೇಲೆ ಕೈಯಲ್ಲೇ ಬರೆಸೋಣ. ಮದ್ರಸದಲ್ಲಿ ವಾರಕ್ಕೆ ಅರ್ಧ ಗಂಟೆ ಅಂದದ ಅಕ್ಷರಕ್ಕೆ ಕೊಡೋಣ. ಕುರ್‌ಆನಿನಲ್ಲಿ ಕಲಮಿನ ಹೆಸರಿನಲ್ಲೇ ಒಂದು ಸೂರಃ ಇರುವಾಗ ಇದು ಸಮಯ ಹಾಳು ಆಗುವುದಿಲ್ಲ. ಮಕ್ಕಳ ನೋಟ್‌ಬುಕ್ಕಿನ ಕೊನೆಯ ಹಾಳೆ ಕಂಡರೆ ಉಸ್ತಾದರುಗಳು ಮೊದಲು ಪೂರ್ತಿ ನೋಡಲಿ.

ಆ ಹುಡುಗನಿಗೆ ನಾವು ಎರಡು ಬ್ರಶ್ ಕೊಟ್ಟು ಬಂದೆವು, ಮಾಫಿ ಕೇಳಿದೆವು. "ಕೈ ಬರ್ತದಾ ಉಸ್ತಾದ್?" ಎಂದು ಕೇಳಿದ. "ನಮಗೂ ಇನ್ನೂ ಬಂದಿಲ್ಲ, ಒಟ್ಟಿಗೇ ಕಲಿಯುವ" ಎಂದೆವು. ಇನ್ನೂ ಏನನ್ನೂ ಬರೆದು ತೋರಿಸಿಲ್ಲ. ಪಿಕಪ್ಪಿನ ಡ್ಯಾಶ್‌ಬೋರ್ಡಿನಲ್ಲಿ ಬ್ರಶ್ ಇಟ್ಟುಕೊಂಡಿದ್ದಾನೆ ಎಂದು ಮಾತ್ರ ಗೊತ್ತು. ಮಳೆಗೆ ಕಾಯುವ ಅಭ್ಯಾಸ ನಮ್ಮ ಊರಿನವರಿಗೆ ಇದೆ.