ಸತ್ತ ಮಾಂತ್ರಿಕ ಒಳ್ಳೆಯವನಾಗಬಾರದಾ?

ಸತ್ತ ಮೇಲೂ ಹೋಗದೆ ಉಳಿದವನೊಬ್ಬ ಇದ್ದಾನೆ ಅಂದುಕೊಳ್ಳಿ. ಮಂತ್ರ ಬಲ್ಲವನು. ಅವನು ಕೆಟ್ಟವನೇ ಆಗಿರಬೇಕಾ? ಇದೇನು ಕೆಲಸವಿಲ್ಲದವರ ಪ್ರಶ್ನೆ ಅಂತ ನಿಮ್ಮಲ್ಲಿ ಹಲವರಿಗೆ ಅನ್ನಿಸಬಹುದು. ಆದರೆ ನಮ್ಮ ಗೆಳೆಯರ ಗುಂಪಿನಲ್ಲಿ ಇದರ ಮೇಲೆ ಮೂರು ವಾರ ಜಗಳ ನಡೆಯಿತು. ಆ ಜಗಳ ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟಿತು ಅನ್ನುವುದೇ ಈ ವಾರದ ಮಾತು.

ಮೊದಲು ಆಟದ ಬಗ್ಗೆ ಹೇಳಿಬಿಡುತ್ತೇನೆ. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಅಂತ ಒಂದು ಆಟ ಇದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ದಾಳ, ಕಾಗದ, ಪೆನ್ಸಿಲ್ ಇದ್ದರೆ ಸಾಕು. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಆಗುತ್ತಾರೆ. ಬಯಲಾಟದ ಭಾಗವತನಂತೆ ಒಬ್ಬ, ವೇಷದವರಂತೆ ನಾಲ್ವರು. ಆದರೆ ಮುಂದೇನಾಗುತ್ತದೆ ಅಂತ ಭಾಗವತನಿಗೂ ಗೊತ್ತಿರುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ನಾವು ಐದು ಮಂದಿ ಈಗ ಬೆಂಗಳೂರು, ಹೈದರಾಬಾದ್ ಅಂತ ಚೆದುರಿ ಹೋಗಿದ್ದೇವೆ. ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಕೂಡಿ ಆಡುತ್ತೇವೆ, ಅದೂ ನಮ್ಮ ಭಾಷೆಯಲ್ಲೇ. ಕಥೆ ನಡೆಸುವ ಕೆಲಸ ನನ್ನದು. ನಮ್ಮ ಕಥೆ ನಡೆಯುವುದು ಭೀಮಾ ನದಿ ದಂಡೆಯ ಸನ್ನತಿಯಂಥದೇ ಒಂದು ಊರಲ್ಲಿ. ನದಿ, ದೇವಿ ಗುಡಿ, ಊರಾಚೆ ಬಿದ್ದುಹೋದ ಸ್ತೂಪ, ಎಲ್ಲೆಂದರಲ್ಲಿ ಅಕ್ಷರ ಕೆತ್ತಿದ ಕಲ್ಲು. ಮಾಯಾಲೋಕ ಕಟ್ಟಲು ಇನ್ನೇನು ಬೇಕು?

ಈ ಆಟದಲ್ಲಿ 'ಲಿಚ್' ಅಂತ ಒಂದು ಜಾತಿ ಇದೆ. ಸಾವಿಗೆ ಅಂಜಿ, ಮಂತ್ರಬಲದಿಂದ ತನ್ನ ಪ್ರಾಣವನ್ನು ಒಂದು ಪೆಟ್ಟಿಗೆಯಲ್ಲೋ ತಾಯತದಲ್ಲೋ ಬಚ್ಚಿಟ್ಟು, ಅಸ್ಥಿಪಂಜರವಾಗಿ ಬದುಕುವ ಮಹಾಮಾಂತ್ರಿಕ. ಮೈಯನ್ನು ಎಷ್ಟು ಸಲ ಕಡಿದರೂ ಸಾಯುವುದಿಲ್ಲ, ಪೆಟ್ಟಿಗೆ ಒಡೆಯಬೇಕು. ಕೇಳಿದಂತಿದೆ ಅಲ್ಲವೇ? ಏಳು ಸಮುದ್ರದಾಚೆ, ಏಳು ಸುತ್ತಿನ ಕೋಟೆಯೊಳಗಿನ ಗಿಳಿಯಲ್ಲಿ ಜೀವ ಇಟ್ಟ ರಾಕ್ಷಸನ ಕಥೆಯನ್ನು ನಮ್ಮ ಆಯಿ ಹೇಳದ ಬೇಸಿಗೆ ರಜೆಯೇ ಇರಲಿಲ್ಲ. ರಷ್ಯಾದ ಜನಪದದಲ್ಲೂ ಕೊಷ್ಚೈ ಅಂತ ಒಬ್ಬನಿದ್ದಾನೆ. ಅವನ ಪ್ರಾಣ ಸೂಜಿಯ ತುದಿಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತಿನ ಹೊಟ್ಟೆಯಲ್ಲಿ.

ಜಗಳ ಶುರುವಾದದ್ದು ಸೇಡಂ ಕಡೆಯ ಗೆಳತಿಯಿಂದ. ಆಕೆ ನಮ್ಮೆಲ್ಲರಿಗಿಂತ ದೊಡ್ಡವಳು. ಹೊಸ ಪಾತ್ರ ಬರೆದುಕೊಂಡು ಬಂದಳು. "ನನ್ನ ಪಾತ್ರದಾಂವ ಸತ್ತು ಸಾವಿರ ವರ್ಷ ಆಗ್ಯದ. ಮಂತ್ರ ಬಲ್ಲಾಂವ. ಖರೆ, ಒಳ್ಳೆಯಾಂವ ಇದ್ದಾನ."

ಶಹಾಬಾದಿನ ಗೆಳೆಯ ಕೂಡಲೇ ಅಡ್ಡ ಬಂದ. "ಸತ್ತ ಮ್ಯಾಲೂ ಕುರ್ಚಿ ಬಿಡದಾಂವ ಒಳ್ಳೆಯಾಂವ ಹ್ಯಾಂಗ ಆಗ್ತಾನ್ರಿ ಅಕ್ಕಾ?"

ನಿಯಮದ ಪುಸ್ತಕ ಅವನ ಕಡೆಗಿತ್ತು. 2014ರ ಐದನೇ ಆವೃತ್ತಿಯ 'ಮಾನ್‌ಸ್ಟರ್ ಮ್ಯಾನ್ಯುಅಲ್' ಪ್ರಕಾರ ಲಿಚ್‌ನ ಪ್ರಾಣದ ಪೆಟ್ಟಿಗೆಗೆ ಆಗಾಗ ಬೇರೆಯವರ ಆತ್ಮಗಳನ್ನು ಉಣಿಸಬೇಕು. ಉಣಿಸದಿದ್ದರೆ ಅವನು ಸವೆದು ಹೋಗುತ್ತಾನೆ. ಅಂದರೆ ಅವನ ಒಂದೊಂದು ದಿನದ ಬಾಡಿಗೆಯನ್ನು ಬೇರೆ ಯಾರೋ ಕಟ್ಟುತ್ತಿದ್ದಾರೆ. ಇಂಥವನು ಒಳ್ಳೆಯವನು ಅಂದರೆ ಯಾರು ನಂಬುತ್ತಾರೆ?

ಆದರೆ ಅದೇ ಆಟದ ಹಳೆಯ ಪುಸ್ತಕಗಳಲ್ಲಿ 'ಬೇಲ್‌ನಾರ್ನ್' ಅಂತ ಇನ್ನೊಂದು ಬಗೆ ಇದೆ. ತಮ್ಮ ಕುಲವನ್ನೋ, ಕುಲದ ವಿದ್ಯೆಯನ್ನೋ ಕಾಯುವುದಕ್ಕೆ ಸಾವನ್ನು ಮುಂದೂಡಿದ ಎಲ್ಫ್ ಮಾಂತ್ರಿಕರು. ಇವರು ಯಾರ ಆತ್ಮವನ್ನೂ ತಿನ್ನುವುದಿಲ್ಲ. ಸತ್ತವರೇ, ಮಾಂತ್ರಿಕರೇ, ಆದರೆ ಒಳ್ಳೆಯವರು. ಗಮನಿಸಿ: ಎರಡೂ ಕಡೆ ಸಾವೂ ಒಂದೇ, ಮಂತ್ರವೂ ಒಂದೇ. ಬೇರೆಯಾದದ್ದು ಲೆಕ್ಕ ಯಾರ ಹೆಸರಿಗೆ ಬೀಳುತ್ತದೆ ಅನ್ನುವುದು ಮಾತ್ರ. ನನಗೆ ಈ ಇಡೀ ಪ್ರಶ್ನೆಯ ಕೀಲಿ ಕಂಡದ್ದು ಅಲ್ಲೇ. ಉಳಿದುಕೊಂಡದ್ದು ತಪ್ಪೋ ಸರಿಯೋ ಅನ್ನುವುದಕ್ಕಿಂತ, ಉಳಿದದ್ದರ ಬೆಲೆ ತೆತ್ತವರು ಯಾರು ಅಂತ ಕೇಳಬೇಕು.

ಇದಕ್ಕೆ ಎಲ್ಫುಗಳ ತನಕ ಹೋಗಬೇಕಿಲ್ಲ. ಚಂದಮಾಮ ಓದಿ ಬೆಳೆದವರಿಗೆಲ್ಲ ಬೇತಾಳ ಗೊತ್ತು. ಹೆಣದೊಳಗೆ ಸೇರಿಕೊಂಡು ಮರಕ್ಕೆ ತಲೆಕೆಳಗಾಗಿ ನೇತಾಡುವವನು. ಆ ಹೆಣವನ್ನು ಹೊತ್ತು ತರಲು ರಾಜನನ್ನು ಕಳಿಸಿದವನು ಕ್ಷಾಂತಿಶೀಲನೆಂಬ ಸನ್ಯಾಸಿ. ದಿನವೂ ಆಸ್ಥಾನಕ್ಕೆ ಬಂದು ಹಣ್ಣು ಕೊಟ್ಟು ಹೋಗುತ್ತಿದ್ದವನು, ನೋಡುವುದಕ್ಕೆ ಸಾಧು. ದಾರಿಯುದ್ದಕ್ಕೂ ಕಥೆ ಹೇಳಿ ಒಗಟು ಹಾಕಿ ರಾಜನನ್ನು ಗೋಳಾಡಿಸುವುದು ಬೇತಾಳ. ನಮಗೆಲ್ಲ ನೆನಪಿರುವುದು ಒಗಟುಗಳೇ, ಕೊನೆ ಮರೆತುಬಿಟ್ಟಿರುತ್ತೇವೆ. ಕೊನೆಯಲ್ಲಿ ಬೇತಾಳನೇ ಗುಟ್ಟು ಬಿಚ್ಚಿ ಹೇಳುತ್ತದೆ: ಆ ಸನ್ಯಾಸಿ ನಿನ್ನನ್ನೇ ಬಲಿ ಕೊಡುವವನಿದ್ದಾನೆ, ಸಾಷ್ಟಾಂಗ ನಮಸ್ಕಾರ ಮಾಡು ಅಂದರೆ ನೀನೇ ಮಾಡಿ ತೋರಿಸು ಅನ್ನು, ಅವನು ಬಗ್ಗಿದಾಗ ಕತ್ತಿ ಬೀಸು. ರಾಜನ ಜೀವ ಉಳಿದದ್ದು ಸತ್ತವನ ಮಾತಿನಿಂದ. ಬದುಕಿದ್ದ ಮಾಂತ್ರಿಕನೇ ಕೊಲೆಗಾರ. ಇದು ಸಾವಿರ ವರ್ಷಕ್ಕೂ ಹಳೆಯ ನಮ್ಮದೇ ಕಥೆ. ಹನ್ನೊಂದನೇ ಶತಮಾನದ ಸೋಮದೇವನ 'ಕಥಾಸರಿತ್ಸಾಗರ'ದಲ್ಲೂ ಇದೆ.

ಅದೇ ಕಥಾಸರಿತ್ಸಾಗರದ ಆರಂಭದಲ್ಲಿ ಸನ್ನತಿಗೆ ನೆಂಟಸ್ತಿಕೆ ಇರುವ ಇನ್ನೊಂದು ಕಥೆ ಬರುತ್ತದೆ. ಶಾತವಾಹನ ರಾಜನ ಆಸ್ಥಾನ ಬಿಟ್ಟು ಕಾಡಿಗೆ ಹೋದ ಗುಣಾಢ್ಯನಿಗೆ ಬೃಹತ್ಕಥೆಯನ್ನು ಹೇಳಿದ್ದು ಕಾಣಭೂತಿ ಎಂಬ ಪಿಶಾಚಿ. ಗುಣಾಢ್ಯ ಅದನ್ನು ಪೈಶಾಚಿ ಭಾಷೆಯಲ್ಲಿ, ತನ್ನ ರಕ್ತದಲ್ಲೇ ಏಳು ಲಕ್ಷ ಶ್ಲೋಕವಾಗಿ ಬರೆದ. ರಾಜ ಅದನ್ನು ತಿರಸ್ಕರಿಸಿದ. ಮನನೊಂದ ಗುಣಾಢ್ಯ ಕಾಡಿನ ಮೃಗಗಳಿಗೆ ಓದಿ ಹೇಳುತ್ತ ಒಂದೊಂದೇ ಹಾಳೆ ಬೆಂಕಿಗೆ ಹಾಕಿದ. ರಾಜನಿಗೆ ಬುದ್ಧಿ ಬರುವ ಹೊತ್ತಿಗೆ ಉಳಿದದ್ದು ಒಂದು ಲಕ್ಷ. ಪಿಶಾಚಿ ಕಾಪಾಡಿಕೊಂಡು ಬಂದ ವಿದ್ಯೆಯನ್ನು ಅರಮನೆ ಕಳೆದುಕೊಂಡಿತು. ಆ ಶಾತವಾಹನ ರಾಜರ ಶಿಲ್ಪಗಳು ಅವರವರ ಹೆಸರಿನ ಸಮೇತ ಸಿಕ್ಕಿರುವುದು ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ. ನಮ್ಮ ಆಟದಲ್ಲಿ ಈ ಕಥೆ ಹೇಳಿದಾಗ ಶಹಾಬಾದಿನವನೂ ಒಂದು ನಿಮಿಷ ಸುಮ್ಮನಿದ್ದ.

ಆದರೆ ಅವನೂ ಬಿಡುವವನಲ್ಲ. "ಬೇತಾಳ, ಪಿಶಾಚಿ ಎಲ್ಲ ಶಾಪದಿಂದ ಆದವ್ರು. ಲಿಚ್ ತಾನಾಗೇ ಆದಾಂವ. ಅದ ಬ್ಯಾರೆ, ಇದ ಬ್ಯಾರೆ" ಅಂದ. ಮಾತಿನಲ್ಲಿ ತೂಕವಿದೆ. ಸಿಕ್ಕಿಬಿದ್ದವನಿಗೂ, ಪಟ್ಟು ಹಿಡಿದು ಕೂತವನಿಗೂ ವ್ಯತ್ಯಾಸ ಇದ್ದೇ ಇದೆ.

ಆ ವ್ಯತ್ಯಾಸವನ್ನು ಕನ್ನಡದಲ್ಲಿ ಬಹಳ ಚೆನ್ನಾಗಿ ತೋರಿಸಿದ್ದು ಗಿರೀಶ ಕಾರ್ನಾಡರ 'ಅಗ್ನಿ ಮತ್ತು ಮಳೆ' ನಾಟಕ. ಮಹಾಭಾರತದ ವನಪರ್ವದ ಯವಕ್ರೀತನ ಕಥೆ ಅದಕ್ಕೆ ಆಧಾರ. ಅದರಲ್ಲಿ ಒಬ್ಬ ಬ್ರಹ್ಮರಾಕ್ಷಸ ಬರುತ್ತಾನೆ. ಯವಕ್ರಿಯನ್ನು ಕೊಲ್ಲುವುದಕ್ಕೆಂದೇ ರೈಭ್ಯ ಅವನನ್ನು ಮಂತ್ರದಿಂದ ಕರೆದು ಕಳಿಸುತ್ತಾನೆ. ಹೇಳಿದ ಕೆಲಸ ಮುಗಿದ ಮೇಲೆ ಅವನನ್ನು ಕೇಳುವವರಿಲ್ಲ. ಹೋಗಲೂ ಆಗದೆ ಇರಲೂ ಆಗದೆ, ಬಿಡುಗಡೆ ಕೊಡಿ ಅಂತ ಅಲೆಯುತ್ತಾನೆ. ಕೊಂದದ್ದು ನಿಜ, ಆದರೆ ಕೊಲ್ಲಿಸಿದವರು ವೇದ ಓದಿದವರು. ಕೊನೆಯಲ್ಲಿ ಇಂದ್ರ ಪ್ರತ್ಯಕ್ಷನಾಗಿ ಏನು ಬೇಕು ಕೇಳು ಅಂದಾಗ ಅರವಸು ತನ್ನ ಪ್ರೀತಿಯ ನಿತ್ತಿಲೆಯನ್ನು ಬದುಕಿಸು ಅನ್ನಬಹುದಿತ್ತು. ಅವನು ಬ್ರಹ್ಮರಾಕ್ಷಸನಿಗೆ ಬಿಡುಗಡೆ ಕೇಳುತ್ತಾನೆ. ನಿತ್ತಿಲೆ ಇದ್ದಿದ್ದರೆ ಅವಳೂ ಅದನ್ನೇ ಬಯಸುತ್ತಿದ್ದಳು ಅನ್ನುವುದು ಅವನಿಗೆ ಗೊತ್ತು. ಆಮೇಲೆ ಮಳೆ ಬರುತ್ತದೆ.

ಲಿಚ್‌ಗೂ ಬ್ರಹ್ಮರಾಕ್ಷಸನಿಗೂ ಇರುವ ದೂರ ಇದೇ. ಒಬ್ಬನಿಗೆ ಹೋಗಲು ಇಷ್ಟವಿಲ್ಲ, ಅದಕ್ಕೆ ಬೇರೆಯವರನ್ನು ತಿನ್ನುತ್ತಾನೆ. ಇನ್ನೊಬ್ಬನಿಗೆ ಹೋಗುವುದೇ ಬೇಕು, ಬೇರೆಯವರು ಬಿಡುತ್ತಿಲ್ಲ.

ಸೇಡಂ ಗೆಳತಿ ಬರೆದ ಪಾತ್ರ ಈ ಇಬ್ಬರ ನಡುವೆ ನಿಲ್ಲುವಂಥದು. ಚಿತ್ತಾಪುರದ ಪಕ್ಕದ ನಾಗಾವಿ ನೀವು ನೋಡಿರಬಹುದು, ಯಲ್ಲಮ್ಮನ ಜಾತ್ರೆಗೆ ಹೋದವರಂತೂ ನೋಡಿಯೇ ಇರುತ್ತೀರಿ. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದಲ್ಲಿ ಅಲ್ಲಿ ದೊಡ್ಡ ಘಟಿಕಾಸ್ಥಾನ ಇತ್ತು. ಈಗಿನ ಮಾತಲ್ಲಿ ಹೇಳುವುದಾದರೆ ಹಾಸ್ಟೆಲ್ ಸಮೇತದ ವಿಶ್ವವಿದ್ಯಾಲಯ. 1058ರ ಶಾಸನದಲ್ಲಿ ಅಲ್ಲಿನ ವಿದ್ಯಾರ್ಥಿಗಳು, ಉಪಾಧ್ಯಾಯರ ಜೊತೆಗೆ ಆರು ಮಂದಿ 'ಸರಸ್ವತೀ ಭಂಡಾರಿಗ'ರ ಲೆಕ್ಕವೂ ಇದೆ. ಅಂದರೆ ಗ್ರಂಥಪಾಲಕರು. ಗೆಳತಿಯ ಪಾತ್ರ ಏಳನೆಯವನು. ಓಲೆಗರಿ ಕಾಯುತ್ತ ಸತ್ತ, ಸತ್ತ ಮೇಲೂ ಕಾಯುತ್ತಿದ್ದಾನೆ. ಯಾರಾದರೂ ಬಂದು ಈ ಗ್ರಂಥಗಳನ್ನು ಕೇಳಿ ಪಡೆಯುವ ತನಕ ತನಗೆ ಬಿಡುವಿಲ್ಲ ಅಂತ ನಂಬಿದ್ದಾನೆ.

ನಾನು ಒಪ್ಪಿದೆ, ಆದರೆ ಮೂರು ಕಟ್ಟುಪಾಡು ಹಾಕಿದೆ. ಒಂದು, ಅವನು ಉಳಿಯುವುದಕ್ಕೆ ತಗಲುವ ಬೆಲೆ ಅವನದೇ ಮೈಯಿಂದ, ಅವನದೇ ನೆನಪಿನಿಂದ ಹೋಗಬೇಕು. ದೊಡ್ಡ ಮಂತ್ರ ಹಾಕಿದಾಗಲೆಲ್ಲ ಬದುಕಿದ್ದಾಗಿನ ಒಂದು ನೆನಪು ಅಳಿಸಿ ಹೋಗುತ್ತದೆ. ಎರಡು, ಕಾಯುವುದು ಬಚ್ಚಿಡುವುದಾಗಬಾರದು. ಕೇಳಿದವರಿಗೆ ಓಲೆಗರಿ ಕೊಡಲೇಬೇಕು. ಮೂರು, ಕೆಲಸ ಮುಗಿದ ದಿನ ಹೊರಡಬೇಕು. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ನಾನಿಲ್ಲದಿದ್ದರೆ ನಡೆಯುವುದೇ ಇಲ್ಲ ಅಂತ ಅಂದುಕೊಳ್ಳುವುದಕ್ಕೆ ಸತ್ತಿರಬೇಕಿಲ್ಲ. ಆಫೀಸಿನಲ್ಲಿ ಹದಿನೈದು ವರ್ಷದ ಹಿಂದಿನ ಕೋಡನ್ನು ಯಾರಿಗೂ ಹೇಳಿಕೊಡದೆ ಅಪ್ಪಿಕೊಂಡು ಕೂತವರನ್ನು, ಮಗನ ಕೈಗೆ ಬೀಗದ ಕೈ ಕೊಡದ ಯಜಮಾನರನ್ನು ನಾವು ನೋಡಿಲ್ಲವೇ? ಒಳ್ಳೆಯ ಉದ್ದೇಶದಿಂದ ಉಳಿದವನೂ ಒಂದು ದಿನ ದಾಟಿದರೆ ಲಿಚ್ ಆಗಲು ಶುರುವಾಗುತ್ತಾನೆ.

ಇಷ್ಟೆಲ್ಲ ಆಟದ ಮಾತು. ಆದರೆ 'ಮಂತ್ರ ಬಲ್ಲವರೆಲ್ಲ ಕೆಟ್ಟವರು, ಆ ಜಾತಿಯೇ ಅಂಥದು' ಅನ್ನುವ ನಿಯಮ ನಮ್ಮ ಜಿಲ್ಲೆಯಲ್ಲಿ ಆಟದ ಪುಸ್ತಕದಿಂದ ಹೊರಗೂ ಓಡಾಡುತ್ತದೆ. ನಮ್ಮ ಕಡೆಯವರಿಗೆ 'ಬಾನಾಮತಿ' ಅನ್ನುವ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಮನೆ ಮೇಲೆ ಕಲ್ಲು ಬಿತ್ತು, ಬಟ್ಟೆಗೆ ಬೆಂಕಿ ಹತ್ತಿತು, ಎಮ್ಮೆ ಹಾಲು ಬತ್ತಿತು ಅಂದರೆ ಯಾರೋ ಮಾಡಿಸ್ಯಾರ ಅನ್ನುವ ಮಾತು ಹುಟ್ಟುತ್ತದೆ. ಆ 'ಯಾರೋ' ಹೆಚ್ಚಾಗಿ ಯಾರಾಗಿರುತ್ತಾರೆ? ಊರ ಅಂಚಿನ ಮನೆಯ ಒಂಟಿ ಮುದುಕಿ, ಇಲ್ಲವೇ ಗಂಡ ಸತ್ತವಳು. ಎದುರು ಮಾತಾಡಲು ಹಿಂದೆ ಮುಂದೆ ಜನ ಇಲ್ಲದವರು. ಆಕೆ ಏನು ಮಾಡಿದಳು, ಯಾರಿಗೆ ಏನು ನಷ್ಟವಾಯಿತು ಅಂತ ಯಾರೂ ಕೇಳುವುದಿಲ್ಲ. ಹೆಸರು ಇಟ್ಟಾಯಿತು, ತೀರ್ಪು ಬಂದಾಯಿತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆಯನ್ನು ಕರ್ನಾಟಕ 2017ರಲ್ಲಿ ತಂದು 2020ರ ಜನವರಿಯಲ್ಲಿ ಜಾರಿ ಮಾಡಿತು. ಮಾಟದ ಹೆಸರಲ್ಲಿ ಜನರನ್ನು ಹೆದರಿಸುವುದು, ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು ಈಗ ಅಪರಾಧ. ಕಾನೂನು ಬಂದರೂ ಕಟ್ಟೆ ಮೇಲಿನ ಪಿಸುಮಾತು ನಿಂತಿಲ್ಲ.

ಹಾಗಾಗಿ ಮೂರು ವಾರದ ಜಗಳ ನನಗೆ ವ್ಯರ್ಥ ಅನ್ನಿಸುವುದಿಲ್ಲ. ಆಟದ ಅಸ್ಥಿಪಂಜರದ ಬಗ್ಗೆಯೂ 'ಇವನು ಯಾರು' ಅಂತ ಅಲ್ಲ, 'ಇವನು ಮಾಡಿದ್ದೇನು, ಅದರ ಬೆಲೆ ಕಟ್ಟಿದವರು ಯಾರು' ಅಂತ ಕೇಳುವ ರೂಢಿ ಬಂದರೆ, ಊರಿಗೆ ಹೋದಾಗ ಪಕ್ಕದ ಮನೆ ಮುದುಕಿಯ ಬಗ್ಗೆಯೂ ಅದೇ ಪ್ರಶ್ನೆ ಬಾಯಿಗೆ ಬರಬಹುದು.

ಸನ್ನತಿಗೆ ಹೋದಾಗ ಚಂದ್ರಲಾಂಬೆಯ ದರ್ಶನ ಮುಗಿಸಿ ಹಾಗೇ ಹಿಂತಿರುಗಬೇಡಿ. 1986ರಲ್ಲಿ ಆ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಕಾಳಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನಗಳು ಕಂಡವು. ಅಕ್ಷರಗಳ ನಡುವೆಯೇ ಮೂರ್ತಿ ಕೂರಿಸಲು ತೂತು ಕೊರೆದಿದ್ದರು. ಅದರಲ್ಲಿ ಹನ್ನೆರಡನೆಯ ಬಂಡೆಗಲ್ಲು ಶಾಸನದ ಭಾಗವೂ ಇದೆ. ತನ್ನ ಪಂಥವನ್ನೇ ಹೊಗಳಿ, ಕಾರಣವಿಲ್ಲದೆ ಪರರ ಪಂಥವನ್ನು ತೆಗಳಬೇಡಿ, ಮಾತಿಗೆ ಹಿಡಿತ ಇರಲಿ ಅನ್ನುವುದು ಆ ಶಾಸನದ ಸಾರ. ಎರಡು ಸಾವಿರ ವರ್ಷಕ್ಕೂ ಹಿಂದೆ ಸತ್ತ ರಾಜ ಇನ್ನೂ ನಮ್ಮ ಕಿವಿಯಲ್ಲಿ ಹೇಳುತ್ತಲೇ ಇದ್ದಾನೆ, ಯಾರಿಂದ ಏನನ್ನೂ ಕಿತ್ತುಕೊಳ್ಳದೆ. ಸತ್ತವರಲ್ಲಿ ಒಳ್ಳೆಯವರು ಹೀಗೂ ಉಳಿದಿರುತ್ತಾರೆ.

ನಿಮ್ಮ ಮನೆಯ ಅಜ್ಜಿ, ಆಯಿ, ಮುತ್ಯಾ ಹೇಳಿದ ಕಥೆಗಳಲ್ಲಿ ಇಂಥ ಒಳ್ಳೆಯ ದೆವ್ವ ಯಾವುದಾದರೂ ಇದ್ದರೆ ಬರೆದು ಕಳಿಸಿ. ನಮ್ಮ ಗ್ರಂಥಪಾಲಕನಿಗೆ ಜೊತೆ ಬೇಕಾಗಿದೆ.