ಹತ್ತು ಅಂಕಿ, ಐದು ಗುಂಡಿ

ಅಮೆರಿಕದಲ್ಲಿರುವ ಹಳೆಯ ಶಿಷ್ಯನೊಬ್ಬನ ಕಾಗದ ಬಂದಿದೆ: “ಗುರುಗಳೇ, ನನ್ನ ಹಳೆಯ ಫೋರ್ಡ್ ಪಿಕಪ್ ಗಾಡಿಯ ಬಾಗಿಲಿಗೆ ಅಂಕಿಗಳ ಫಲಕ ಹಾಕಿಸಿದ್ದೇನೆ, ಇನ್ನು ಕೀಲಿಕೈ ಮರೆತರೂ ಭಯವಿಲ್ಲ. ಹತ್ತು ಅಂಕಿಗಳಿವೆ, ಐದು ಸಲ ಒತ್ತಬೇಕು. ಒಂದು ಲಕ್ಷ ಸಂಕೇತಗಳಲ್ಲವೇ?”

ಫೋರ್ಡ್ ಸಂಸ್ಥೆಯು ಈ ಏರ್ಪಾಡನ್ನು 1980ರಲ್ಲಿ ತನ್ನ ಕೆಲವು ಕಾರುಗಳಲ್ಲಿ ಮೊದಲು ತಂದಿತು. ಈಗ ಹಳೆಯ ಗಾಡಿಗೂ ತಂತಿಯಿಲ್ಲದ ಫಲಕವನ್ನು ಅಂಟಿಸಬಹುದು. ಬ್ಯಾಟರಿಯಿಂದ ನಡೆಯುವ ಅದು ರೇಡಿಯೋ ಸಂಜ್ಞೆ ಕಳುಹಿಸಿ ಬೀಗ ತೆರೆಸುತ್ತದೆ. ಆದರೆ ಗಾಡಿಗೆ ವಿದ್ಯುತ್ ಬೀಗವೂ ರಿಮೋಟಿನ ಏರ್ಪಾಡೂ ಮೊದಲೇ ಇರಬೇಕು.

ಶಿಷ್ಯನ ಲೆಕ್ಕ ಮಾತ್ರ ತಪ್ಪು. ಗುಂಡಿಗಳು ಐದೇ, ಒಂದೊಂದರ ಮೇಲೂ ಎರಡೆರಡು ಅಂಕಿ: 1–2, 3–4, 5–6, 7–8, 9–0. ಸಂಕೇತ 13579 ಆಗಿದ್ದರೆ 24680 ಒತ್ತಿದವನಿಗೂ ಬಾಗಿಲು ತೆರೆಯುತ್ತದೆ. ಐದು ಐದುಗಳನ್ನು ಒಂದಕ್ಕೊಂದು ಗುಣಿಸಿದರೆ ದೊರೆಯುವುದು 3125. ಲಕ್ಷವೆಂದು ನಂಬಿದ್ದು ಅದರ 32ನೆಯ ಒಂದು ಪಾಲು!

ಆದ್ದರಿಂದ ಅವನಿಗೆ ಹೀಗೆ ಬರೆದೆ: ಸಂಕೇತವನ್ನು ಹುಟ್ಟಿದ ದಿನಾಂಕದಿಂದ ಆರಿಸಬೇಡ; ಮೂಲ ಸಂಕೇತದ ಚೀಟಿಯನ್ನು ಗಾಡಿಯಲ್ಲಿ ಬಿಡದೆ ಮನೆಯಲ್ಲಿಡು; ಬೆಲೆಬಾಳುವುದನ್ನು ಒಳಗೆ ಇಟ್ಟು ಹೋಗಬೇಡ.

ಮಕ್ಕಳೇ, ಕಾಣುವ ಅಂಕಿಗಳನ್ನಲ್ಲ, ಒತ್ತುವ ಗುಂಡಿಗಳನ್ನು ಎಣಿಸಿರಿ. ಲೆಕ್ಕದಲ್ಲಿ ಮೊದಲು ಬೇಕಾದುದು ಕಣ್ಣು, ಅನಂತರ ಗುಣಾಕಾರ.